ನೈರೋಬಿಯಲ್ಲಿ ನಮ್ಮ ಎರೆ ಹೊಲ

ನಮ್ಮ ಮನೆತನಕ್ಕೆ ವಿದೇಶದಲ್ಲಿ ಆಸ್ತಿ ಇತ್ತು. ಇದನ್ನು ನಾನಾಗಿ ಯಾರ ಮುಂದೆಯೂ ಹೇಳಿಕೊಳ್ಳಬೇಕಾಗಿ ಬರಲಿಲ್ಲ, ಆ ಕೆಲಸವನ್ನೆಲ್ಲ ಅಪ್ಪನೇ ಮಾಡಿ ಮುಗಿಸಿದ್ದ. ಎಂಬತ್ತರ ದಶಕದುದ್ದಕ್ಕೂ ಜೇವರ್ಗಿಯ ಸಂತೆಯಲ್ಲಿ, ಇಜೇರಿಯ ಚಹಾದಂಗಡಿಯಲ್ಲಿ, ಯಡ್ರಾಮಿ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಅಪರಿಚಿತರಿಗೆ ಕೂಡ, "ನಮ್ಮದೊಂದು ಹೊಲ ಆಫ್ರಿಕಾದಾಗ ಅದ" ಎಂದು ಹೇಳಿ, ಕೇಳಿದವರು ನಗುವ ಮೊದಲೇ "ಖರೇನೇ ಅದ" ಎಂದು ಸೇರಿಸುತ್ತಿದ್ದ. ಕೇಳಿದವರು ಆಮೇಲೆ ನಗುತ್ತಿದ್ದರು.

ನಾವಿದ್ದದ್ದು ಇಜೇರಿ ಕಡೆಯ ಒಂದು ಹಳ್ಳಿಯಲ್ಲಿ. ಊರಿಗೆ ಊರೇ ಎರೆ ಮಣ್ಣಿನ ಮೇಲೆ ಕೂತಿತ್ತು. ಆ ಕಪ್ಪು ಮಣ್ಣಿನಲ್ಲಿ ಜೋಳ, ತೊಗರಿ ತಾವಾಗಿಯೇ ಎದ್ದು ನಿಲ್ಲುತ್ತಿದ್ದವು. ಮನೆಗಳು ಮಾತ್ರ ನಿಲ್ಲುತ್ತಿರಲಿಲ್ಲ. ಮಳೆಗಾಲದಲ್ಲಿ ಮಣ್ಣು ನೀರು ಕುಡಿದು ಉಬ್ಬುತ್ತಿತ್ತು, ಬೇಸಿಗೆಯಲ್ಲಿ ಒಣಗಿ ಬಿರಿಯುತ್ತಿತ್ತು, ಅದು ಮಗ್ಗಲು ಬದಲಿಸಿದಾಗಲೆಲ್ಲ ನಮ್ಮ ಗೋಡೆಗಳೂ ಬದಲಿಸುತ್ತಿದ್ದವು. ನಮ್ಮ ಮನೆಯ ಒಂದು ಬಾಗಿಲೂ ಸರಿಯಾಗಿ ಹಾಕಿಕೊಳ್ಳುತ್ತಿರಲಿಲ್ಲ. ಆಷಾಢದಲ್ಲಿ ಒದ್ದು ಹಾಕಬೇಕು, ಚೈತ್ರದಲ್ಲಿ ಹಾಕಿದರೂ ಸಂದಿಯಲ್ಲಿ ಬೆಕ್ಕು ಬರುತ್ತಿತ್ತು.

ಪ್ರತಿ ವರ್ಷ ಯುಗಾದಿಗೆ ಮುಂಚೆ ಅವ್ವ ಬಿಳಿ ಮಣ್ಣು, ಹೊಟ್ಟು, ಸೆಗಣಿ ಸೇರಿಸಿ ಒಂದು ದೊಡ್ಡ ಬೋಗುಣಿಯಲ್ಲಿ ಕಲಸಿಕೊಂಡು, ಮನೆ ತುಂಬ ಓಡಾಡಿ ಬಿರುಕು ಮೆತ್ತುತ್ತಿದ್ದಳು. ಅವಳು ಅಫಜಲಪುರದವಳು. ಗಟ್ಟಿ ಗರಸು ನೆಲದ ಮೇಲೆ ಕಟ್ಟಿದ ಕಲ್ಲಿನ ಮನೆಯಲ್ಲಿ ಬೆಳೆದವಳು. "ನಮ್ಮ ತವರಾಗ ಬಾಗಿಲಾ ಒಂದ್ ಬೆರಳಿಲೇ ಹಾಕ್ತಿದ್ವಿ" ಎಂದು ಗೋಡೆಗೆ ಹೇಳುತ್ತಿದ್ದಳು. ಮನೆಯಲ್ಲಿ ಬೇರೆ ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಅವ್ವನಿಗೆ ಜೀವನದಲ್ಲಿ ಒಂದೇ ಆಸೆ ಇತ್ತು, ಅದಕ್ಕೆ ಜಾಗವೂ ಇತ್ತು. ಜೇವರ್ಗಿಯ ಹೊರಗೆ ಗುಲ್ಬರ್ಗಾ ರಸ್ತೆಗೆ ಹೊಂದಿಕೊಂಡಂತೆ ಅಜ್ಜನ ಕಾಲದ ಒಂದು ತುಂಡು ಕಲ್ಲುಮಡ್ಡಿ ನಮ್ಮದಾಗಿತ್ತು. ಒಂದು ಗೇಣು ಅಗೆದರೆ ಬಂಡೆ. ಅಲ್ಲೊಂದು ಮನೆ ಕಟ್ಟಬೇಕು, ಗೋಡೆ ಬಿರಿಯದ ಮನೆ, ಇಷ್ಟೇ ಅವಳು ಕೇಳಿದ್ದು. ಅಪ್ಪ ಪ್ರತಿ ಸುಗ್ಗಿಗೂ "ಬರೂ ಸುಗ್ಗಿಗಿ ಕಟ್ಟೂಣು" ಅನ್ನುತ್ತಿದ್ದ. ಅಪ್ಪನ ಲೆಕ್ಕದಲ್ಲಿ ಆ ಜಾಗಕ್ಕೆ ಬೆಲೆಯೇ ಇರಲಿಲ್ಲ. ಜೋಳ ಬೆಳೆಯದ ನೆಲವನ್ನು ಆತ ನೆಲ ಎಂದು ಕರೆಯುತ್ತಲೇ ಇರಲಿಲ್ಲ.

ಜೇವರ್ಗಿಯಲ್ಲಿ ಅಪ್ಪನಿಗೊಬ್ಬ ಹಳೆಯ ದೋಸ್ತನಿದ್ದ, ತೊಗರಿ ವ್ಯಾಪಾರದ ಸಾಬರು. ಅವರ ತಮ್ಮ ಆಳಂದದಲ್ಲಿ ಗೋಡೆ ಕಟ್ಟುವ ಗವಂಡಿ ಕೆಲಸ ಕಲಿತು, ಬೊಂಬಾಯಿಗೆ ಹೋಗಿ, ಅಲ್ಲಿಂದ ಹಡಗು ಹತ್ತಿ ಆಫ್ರಿಕಾ ಸೇರಿದ್ದ. ನೈರೋಬಿಯಲ್ಲಿ ಮನೆ ಕಟ್ಟಿಸುವ ಗುತ್ತಿಗೆ ಹಿಡಿದು ಚೆನ್ನಾಗಿಯೇ ಇದ್ದ. ಒಮ್ಮೆ ರಜೆಗೆ ಬಂದವನು ಅಣ್ಣನ ಜೊತೆ ನಮ್ಮ ಕಟ್ಟೆಯ ಮೇಲೆ ಕೂತು ಅಲ್ಲಿನ ಸುದ್ದಿ ಹೇಳಿದ. ಶಹರ ದಿನಾ ಬೆಳೆಯುತ್ತಿದೆ, ಹೊರಗೆಲ್ಲ ಹೊಸ ಬಡಾವಣೆಗಳು ಏಳುತ್ತಿವೆ, ಹೊರದೇಶದವರು ಮುಗಿಬಿದ್ದು ಜಾಗ ಹಿಡಿಯುತ್ತಿದ್ದಾರೆ, ತಾನೂ ಅವಸರದಲ್ಲಿ ಒಂದು ಪ್ಲಾಟ್ ಹಿಡಿದು ಕೂತಿದ್ದೇನೆ ಎಂದ.

ಅಪ್ಪ ಬೆಲೆ ಕೇಳಲಿಲ್ಲ, ಶಹರಕ್ಕೆ ಎಷ್ಟು ದೂರ ಎಂದೂ ಕೇಳಲಿಲ್ಲ.

"ಮಣ್ಣ ಎಂಥಾದ್ದದ?" ಎಂದ.

ಆತನ ಮುಖ ಸಣ್ಣಗಾಯಿತು. "ಅದೊಂದೇ ತಕರಾರ ನೋಡ್ರಿ ಕಾಕಾ. ನಿಮ್ಮ ಮುಂದ ಸುಳ್ಳ ಯಾಕ ಹೇಳ್ಲಿ? ಕರೀ ಮಣ್ಣದ. ನಮ್ಮ ಎರಿ ಇದ್ದಂಗೇ."

"ಎಷ್ಟ ಆಳ ಅದ?"

"ಭಾಳ ಆಳ ಅದರಿ. ಪಾಯಾ ತೋಡಾವ್ರು ಎರಡಾಳ ಇಳದ್ರೂ ಕಲ್ಲ ಹತ್ತವಲ್ದು."

ಎರಡಾಳು ಆಳದ ಎರೆ! ಅಪ್ಪ ಚಹಾ ಕುಡಿಯುವುದನ್ನೇ ಬಿಟ್ಟ. ನಮ್ಮ ಕಡೆ ಅಂಥ ಹೊಲ ಇದ್ದವನಿಗೆ ಮದುವೆಯಲ್ಲಿ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕುತ್ತಾರೆ. ಆ ಬಡಪಾಯಿ ಗವಂಡಿ ತನ್ನ ಪ್ಲಾಟಿನ ದೋಷ ಹೇಳಿಕೊಳ್ಳುತ್ತಿದ್ದ, ಅಪ್ಪ ಅದನ್ನು ಅದರ ವೈಭವ ಎಂದು ಕೇಳಿಸಿಕೊಂಡ. ಮುಖ ಸಣ್ಣಗೆ ಮಾಡಿದ್ದು ಒಳ್ಳೆಯ ಮಾಲನ್ನು ಮುಚ್ಚಿಡುವ ವ್ಯಾಪಾರಿಯ ಜಾಣತನ ಎಂದೂ ತಿಳಿದ. "ಮುಂದಿನ ಸಲ ಬರೂಮುಂದ ಒಂದ್ ಹಿಡಿ ಮಣ್ಣ ತಾರಪಾ" ಎಂದು ಹೇಳಿ ಕಳಿಸಿದ.

ಆತ ತಂದ. ಹಾಲಿನ ಪುಡಿಯ ಖಾಲಿ ಡಬ್ಬಿಯಲ್ಲಿ ತುಂಬಿ, ಬೊಂಬಾಯಿಯ ವಿಮಾನ ನಿಲ್ದಾಣದಲ್ಲಿ ಅಧಿಕಾರಿಗಳು ಮೂಸಿ ನೋಡಿ ತಲೆ ಕೆರೆದುಕೊಂಡದ್ದನ್ನು ನಗುತ್ತ ಹೇಳಿ, ಅಪ್ಪನ ಕೈಗಿಟ್ಟ. ಹೊಲ ಕೊಳ್ಳುವಾಗ ನಮ್ಮ ಕಡೆಯವರು ಮಾಡುವುದನ್ನೆಲ್ಲ ಅಪ್ಪ ಮಾಡಿದ. ಮೂಸಿದ. ಒಂದು ಚೂರು ನಾಲಿಗೆಯ ಮೇಲಿಟ್ಟುಕೊಂಡ. ನೀರು ಬೆರೆಸಿ ಉಂಡೆ ಕಟ್ಟಿ ಕಿಟಕಿಯಲ್ಲಿ ಒಣಗಲು ಇಟ್ಟ. ಉಂಡೆ ಒಣಗಿ ಎಷ್ಟು ಬಿರಿಯುತ್ತದೋ ಅಷ್ಟು ಒಳ್ಳೆಯ ಎರೆ. ಎರಡು ದಿನಕ್ಕೆ ಅದು ಬಾಯಿ ಬಿಟ್ಟಿತು. ಅಪ್ಪ ಮನೆಯವರನ್ನೆಲ್ಲ ಕರೆದು, "ನೋಡ್ರಿ, ಹೆಂಗ ಬಿರದದ!" ಎಂದು ತೋರಿಸಿದ. ಉಂಡೆ ಇಟ್ಟಿದ್ದ ಕಿಟಕಿಯ ಮೂಲೆಯಿಂದ ಜಂತಿಯ ತನಕ ಗೋಡೆಯೂ ಬಿರಿದಿತ್ತು. ಅದನ್ನು ಆತ ನೋಡಲಿಲ್ಲ.

ಅವ್ವ ನೋಡಿದಳು. "ಇದರ ಮ್ಯಾಲ ಯಾರರ ಮನಿ ಕಟ್ತಾರೇನ್ರಿ?" ಎಂದಳು.

"ಮನಿ ಮಾತ ಯಾರ್ ತಗದಾರ? ನಾ ಹೊಲಾ ತಗೊಳಾಕತ್ತೇನಿ."

"ಅವ್ರು ಪ್ಲಾಟ್ ಅಂದ್ರಲ್ರಿ?"

"ಪ್ಲಾಟ್ ಅಂದ್ರೇನು? ಸಣ್ಣ ಹೊಲ!"

ಆಮೇಲೆ ನಡೆದದ್ದನ್ನು ಅಪ್ಪ ತನ್ನ ಜಾಣತನದ ಶಿಖರ ಎಂದು ಬಹಳ ವರ್ಷ ಹೇಳಿಕೊಂಡ. ಆ ಕಾಲದಲ್ಲಿ ಪರದೇಶಕ್ಕೆ ಹಣ ಕಳಿಸುವುದೆಂದರೆ ಸರಕಾರಕ್ಕೆ ಸಿಟ್ಟು ಬರಿಸುವ ಕೆಲಸ. ಅದಕ್ಕೆ ಅಪ್ಪ, "ರೊಕ್ಕದ ಬದ್ಲಿ ನನ್ನ ಕಲ್ಲಮಡ್ಡಿ ತಗೋತಿಯೇನು?" ಎಂದು ಏನೂ ಅರಿಯದವನ ಹಾಗೆ ಕೇಳಿದ. ಗವಂಡಿ ಮನಸ್ಸಿನಲ್ಲೇ ಲೆಕ್ಕ ಹಾಕಿದ. ರಸ್ತೆಯ ಪಕ್ಕದ ಜಾಗ, ಒಂದು ಗೇಣಿಗೆ ಬಂಡೆ, ಪಾಯದ ಖರ್ಚೇ ಇಲ್ಲ. "ಕಾಕಾ, ನಿಮಗ ಲುಕ್ಸಾನ ಆಗ್ತದ್ರಿ" ಎಂದ. ಅಪ್ಪ ದೊಡ್ಡ ಮನಸ್ಸು ಮಾಡಿ, "ಆಗ್ಲಿ ಬಿಡಪಾ" ಎಂದ.

ಹೀಗೆ ಸಮುದ್ರದ ಆಚೆ ಈಚೆ ಎರಡು ಆಸ್ತಿಗಳು ಕೈ ಬದಲಾಯಿಸಿದವು. ಇಲ್ಲಿನದು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಆಯಿತು, ಅಲ್ಲಿನದು ಬಾಯಿ ಮಾತಿನಲ್ಲಿ. ಕಾಗದ ಅವನ ಹೆಸರಿನಲ್ಲೇ ಇರಲಿ, ನಂಬಿಕೆ ನಮ್ಮಲ್ಲಿರಲಿ ಎಂದು ತೀರ್ಮಾನವಾಯಿತು. ಅಂದು ಸಂಜೆ ಅವ್ವ, "ಮತ್ತ ನನ್ನ ಮನಿ?" ಎಂದು ಕೇಳಿದಳು. "ಆಫ್ರಿಕಾದ್ದು ಕೈ ಹಿಡೀಲಿ, ನಿನಗ ಅರಮನಿನೇ ಕಟ್ಟಸ್ತೇನಿ" ಎಂದು ಅಪ್ಪ ಹೇಳಿದ. ಅವ್ವ ರೊಟ್ಟಿ ಬಡಿಯಲು ಹೋದಳು. ಆ ದಿನ ರೊಟ್ಟಿಯ ಸದ್ದು ಓಣಿಗೆಲ್ಲ ಕೇಳಿತು.

ನಿಜ ಹೇಳಬೇಕೆಂದರೆ ಅಪ್ಪನಿಗೆ ಒಳಗೊಳಗೆ ಪಾಪಪ್ರಜ್ಞೆ ಇತ್ತು. ದೋಸ್ತನ ತಮ್ಮನಿಗೆ ಕಲ್ಲು ಕೊಟ್ಟು ಬಂಗಾರದಂಥ ಮಣ್ಣು ಹೊಡೆದುಕೊಂಡೆ ಎಂದು ಆತ ನಂಬಿದ್ದ. ಆ ಅಳುಕಿಗೆ ಪ್ರತಿ ಸುಗ್ಗಿಯಲ್ಲೂ ಸಾಬರ ಮನೆಗೆ ಒಂದು ಚೀಲ ಜೋಳ ಹೋಗುತ್ತಿತ್ತು. ಅವರು ಯಾಕೆಂದು ತಿಳಿಯದೆ ಹಬ್ಬಕ್ಕೆ ಶೀರ್‌ಖುರ್ಮಾ ಕಳಿಸುತ್ತಿದ್ದರು.

ಎಳ್ಳ ಅಮಾವಾಸ್ಯೆ ಬಂತು. ನಮ್ಮ ಕಡೆ ಅಂದು ಎಲ್ಲರೂ ಗಾಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಸಜ್ಜಿ ಕಡುಬು, ಭಜ್ಜಿ, ಅಂಬಲಿ ಎಲ್ಲ ಕಲಸಿ ಬೆಳೆಯ ನಡುವೆ ಎರಚಿ ಭೂಮಿತಾಯಿಗೆ ಉಣಿಸುವುದು. ಇದ್ದ ಹೊಲಕ್ಕೆಲ್ಲ ಚೆಲ್ಲಬೇಕು, ಒಂದನ್ನೂ ಬಿಡಬಾರದು. ಅಪ್ಪ ಹಾಲಿನ ಪುಡಿಯ ಡಬ್ಬಿಯನ್ನು ಗಾಡಿಯಲ್ಲಿಟ್ಟುಕೊಂಡು ಬಂದ. ತೊಗರಿಯ ಸಾಲಿನ ಪಕ್ಕ ಅದನ್ನಿಟ್ಟು, ಮುಚ್ಚಳ ತೆಗೆದು, ಕುಂಕುಮ ಹಚ್ಚಿ, ನೈರೋಬಿಗೆ ಸೇರಬೇಕಾದ ಚರಗವನ್ನು ಅದರ ಸುತ್ತ ಚೆಲ್ಲಿದ. ಪಕ್ಕದ ಹೊಲದವರು ಬಂದು ನೋಡಿ, "ಗೌಡ್ರ, ಆಫ್ರಿಕಾದ ಭೂಮಿತಾಯಿ ಸಜ್ಜಿ ಕಡಬ ತಿಂತಾಳೇನ್ರಿ?" ಎಂದರು. "ತಾಯಿ ಎಲ್ಲಾ ಕಡೀಗೂ ಒಬ್ಬಾಕೀನಲೇ" ಎಂದು ಅಪ್ಪ ಗದರಿದ. ಪ್ರತಿ ವರ್ಷ ಇದು ನಡೆಯಿತು.

ಅತ್ತ ಗವಂಡಿ ಪ್ರಾಮಾಣಿಕ ಮನುಷ್ಯ. ರಜೆಗೆ ಬಂದಾಗಲೆಲ್ಲ ವರದಿ ಒಪ್ಪಿಸುತ್ತಿದ್ದ. ನಮ್ಮ ಪ್ಲಾಟಿನ ಪಕ್ಕ ಯಾರೋ ಎರಡಂತಸ್ತು ಎಬ್ಬಿಸಿದರು, ಅದು ಬಿರಿಯಿತು. ಆಚೆಯವರು ಎಬ್ಬಿಸಿದರು, ಅದು ವಾಲಿತು. ಆಮೇಲೆ ಜನ ಆ ಕಡೆ ಬರುವುದನ್ನೇ ಬಿಟ್ಟರು, ಬಡಾವಣೆ ಬಯಲಾಗಿಯೇ ಉಳಿಯಿತು. ಅಲ್ಲಿನ ಕಾವಲುಗಾರನ ಹೆಂಡತಿ ನಮ್ಮ ತುಂಡಿನಲ್ಲಿ ಮೆಕ್ಕೆಜೋಳ ಹಾಕಿಕೊಂಡಿದ್ದಾಳೆ ಎಂದು ಆತ ಸಂಕೋಚದಿಂದ ತಿಳಿಸಿದಾಗ ಅಪ್ಪ ತೊಡೆ ತಟ್ಟಿಕೊಂಡ. "ನಾ ಹೇಳಿರ್ಲಿಲ್ಲೇನು? ತೆನಿ ಎಷ್ಟುದ್ದ ಬಂದಾವ?"

ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಗವಂಡಿ ಕಾಯಂ ಆಗಿ ತಿರುಗಿ ಬಂದು ಕಲ್ಲುಮಡ್ಡಿಯ ಮೇಲೆ ಮನೆ ಕಟ್ಟಿದ. ಮುಂದೆ ರಸ್ತೆಗೆ ಸಾಲು ಅಂಗಡಿ, ಹಿಂದೆ ಫರಸಿ ಕಲ್ಲು ಹಾಸಿದ ತಣ್ಣನೆಯ ಮನೆ. ದಾವತ್ತಿಗೆ ನಮ್ಮನ್ನೆಲ್ಲ ಕರೆದ. ನಮಗಾಗಿ ಬೇರೆ ಒಲೆ ಹೂಡಿಸಿ, ನಮ್ಮವರ ಕೈಯಲ್ಲೇ ಹೋಳಿಗೆ ಮಾಡಿಸಿದ್ದ. ಉಂಡಾದ ಮೇಲೆ ಆತ ಅಪ್ಪನ ಮುಂದೆ ಬಂದು ನಿಂತು ಕೈ ಮುಗಿದ.

"ಕಾಕಾ, ನಾ ನಿಮಗ ಮೋಸಾ ಮಾಡೀನ್ರಿ. ಆ ಕರೀ ಮಣ್ಣ ನಿಮ್ಮ ಕೊಳ್ಳಿಗಿ ಕಟ್ಟಿ ಈ ಜಾಗಾ ಹೊಡಕೊಂಡೇನಿ. ಆವತ್ತಿಂದ ನನಗ ನಿದ್ದಿ ಬರೋದಿಲ್ರಿ."

ಅಪ್ಪ ಗಾಬರಿಯಾದ. "ಏ ಹುಚ್ಚಾ! ಮೋಸಾ ಮಾಡ್ದಾಂವ ನಾನಲೇ! ಕಲ್ಲ ಕೊಟ್ಟು ಎರಡಾಳ ಎರಿ ತಗೊಂಡೇನಿ. ವರ್ಷಾ ವರ್ಷಾ ಜ್ವಾಳಾ ಯಾಕ ಕಳಸಾಕತ್ತೇನಿ ಅಂತ ಮಾಡೀದಿ?"

ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು, ಮೋಸ ನಂದು, ಅಲ್ಲ ನಂದು ಎಂದು ಕಣ್ಣೀರು ತಂದುಕೊಂಡರು. ಬಂದವರಿಗೆಲ್ಲ ಬಹಳ ಸಂತೋಷವಾಯಿತು, ಇಂಥ ಸ್ನೇಹ ಎಲ್ಲಿದೆ ಎಂದರು. ನನಗೆ ಮಾತ್ರ ಸಿಟ್ಟು ಬಂದಿತ್ತು, ಈಗಲೂ ನೆನೆದರೆ ಬರುತ್ತದೆ. ಅವ್ವ ಒಳಗಿನ ಕೋಣೆಯಲ್ಲಿ ಒಬ್ಬಳೇ ನಿಂತಿದ್ದಳು. ಗೋಡೆಯ ಮೇಲೆ ಅಂಗೈ ಆಡಿಸಿದಳು. ಆಮೇಲೆ ಬಾಗಿಲಿನ ಹತ್ತಿರ ಹೋಗಿ ಒಂದು ಬೆರಳಿನಿಂದ ತಳ್ಳಿದಳು. ಅದು ಸದ್ದಿಲ್ಲದೆ ಹೋಗಿ ಚೌಕಟ್ಟಿಗೆ ಕೂತಿತು. ತೆಗೆದಳು, ಮತ್ತೆ ತಳ್ಳಿದಳು. ಅವಳ ಹತ್ತಿರ ಯಾರೂ ತಪ್ಪಾಯಿತು ಎಂದು ಹೇಳಲು ಬರಲಿಲ್ಲ.

ಮರುವರ್ಷದ ಮಳೆಗೆ ಹಳ್ಳಿಯ ಮನೆಯ ಹಿಂಗೋಡೆ ಮಲಗಿಬಿಟ್ಟಿತು. ಗವಂಡಿ ಸುದ್ದಿ ಕೇಳಿ ಓಡಿ ಬಂದು, ತಾನಿನ್ನೂ ಅಣ್ಣನ ಮನೆಯಲ್ಲೇ ಇದ್ದೇನೆ, ಅಂಗಡಿಗಳ ಹಿಂದಿನ ಹೊಸ ಮನೆ ಖಾಲಿ ಇದೆ, ಬಾಡಿಗೆ ಕೊಡಬೇಡಿ, ಬಂದುಬಿಡಿ ಎಂದ. ಅಪ್ಪ ಮರ್ಯಾದೆಯ ಮಾತು ಶುರುಮಾಡುವ ಮೊದಲೇ ಅವ್ವ ಪಾತ್ರೆ ಕಟ್ಟತೊಡಗಿದ್ದಳು. ಬಾಡಿಗೆ ಕೊಟ್ಟೇ ಇರುತ್ತೇವೆ ಎಂಬ ಒಂದು ಷರತ್ತಿನ ಮೇಲೆ ಅಪ್ಪ ಒಪ್ಪಿದ. ಹೀಗೆ ನಾವು ನಮ್ಮದೇ ಕಲ್ಲುಮಡ್ಡಿಯ ಮೇಲೆ ಬಾಡಿಗೆದಾರರಾದೆವು. ಬಂದವರಿಗೆ ಅಪ್ಪ, "ಇಲ್ಲಿ ಸುಮ್ನ ಇರಾಕ ಬಂದೇವಿ. ನಮ್ಮ ಆಸ್ತಿ ಎಲ್ಲಾ ಹೊರದೇಶದಾಗ ಅದ" ಎಂದು ಹೇಳುತ್ತಿದ್ದ.

ಯುಗಾದಿ ಹತ್ತಿರ ಬಂತು. ಒಂದು ಬೆಳಿಗ್ಗೆ ನೋಡಿದರೆ ಅವ್ವ ಅಂಗಳದಲ್ಲಿ ಕೂತು ಬೋಗುಣಿಯಲ್ಲಿ ಮಣ್ಣು, ಹೊಟ್ಟು, ಸೆಗಣಿ ಕಲಸುತ್ತಿದ್ದಳು. ಕೈಗೆ ರೂಢಿಯಾದ ಕೆಲಸ. ಬೋಗುಣಿ ಎತ್ತಿಕೊಂಡು ಪಡಸಾಲೆಗೆ ಬಂದಳು, ಅಡುಗೆಮನೆಗೆ ಹೋದಳು, ಕೋಣೆಯ ನಾಲ್ಕೂ ಮೂಲೆ ನೋಡಿದಳು, ಹಿತ್ತಲಿಗೆ ಹೋಗಿ ಹೊರಗಿನಿಂದಲೂ ನೋಡಿದಳು. ಎಲ್ಲಿಯೂ ಒಂದು ಕೂದಲೆಳೆಯಷ್ಟು ಬಿರುಕಿರಲಿಲ್ಲ. ತಿರುಗಿ ಪಡಸಾಲೆಗೆ ಬಂದು ನಡುವೆ ನಿಂತಳು. ಮಣ್ಣು ಅವಳ ಬೆರಳುಗಳ ಮೇಲೆ ಒಣಗುತ್ತಿತ್ತು.

"ನಾ ಬೇಡಿದ್ದ ಮನಿ ಇಂಥಾದ್ದೇ," ಎಂದಳು ಅವ್ವ. "ಆದ್ರ ಈ ಮನಿಯಾಗ ನಾ ಮೆತ್ತೂದು ಏನೂ ಇಲ್ಲ. ಬ್ಯಾರೆಯವರ ಮನಿ ಅಂತ ಗೊತ್ತಾಗೂದು ಇದಕ್ಕ ನೋಡ್ರಿ."

ನಗುತ್ತಲೇ ಹೇಳಿದಳು, ಹೇಳುತ್ತಲೇ ಅತ್ತಳು. ಅಪ್ಪ ಕುರ್ಚಿಯಿಂದ ಎದ್ದು ಬಂದು ಬೋಗುಣಿಯನ್ನು ಅವಳ ಕೈಯಿಂದ ತೆಗೆದುಕೊಂಡ. ಎಲ್ಲಿಡಬೇಕೆಂದು ತಿಳಿಯದೆ ಬಹಳ ಹೊತ್ತು ಅದನ್ನು ಹಿಡಿದುಕೊಂಡೇ ನಿಂತಿದ್ದ. ಆ ವರ್ಷ ಎಳ್ಳ ಅಮಾವಾಸ್ಯೆಗೆ ಹಾಲಿನ ಪುಡಿಯ ಡಬ್ಬಿ ಗಾಡಿ ಹತ್ತಲಿಲ್ಲ.