ಕಲ್ಲೋಳಿ ಗ್ರೂಪಿಗೆ ಹೋದ ರಿಪೋರ್ಟು

ಮೂರು ವರ್ಷದ ಹಿಂದಿನ ಮಾತು. ಗೋಕಾಕದಲ್ಲಿ ನನ್ನ ವಕೀಲಿ. ಮೂಡಲಗಿ, ಹುಕ್ಕೇರಿ ಕಡೆಯ ಗ್ರಾಹಕ ವ್ಯಾಜ್ಯಗಳೂ ನನ್ನ ಹತ್ತಿರವೇ ಬರುತ್ತಿದ್ದವು. ಒಂದು ದಿನ ಕಲ್ಲೋಳಿಯ ಮಹಾದೇವಿ ಬಂದರು. ಬಟ್ಟೆ ಹೊಲಿದು ಬದುಕುವವರು.

ಜನರಿಗೆ ಬಸ್ಸಿನ ಓಡಾಟ ತಪ್ಪಲಿ ಎಂದು ಒಂದು ರಕ್ತ, ಕಫ ಪರೀಕ್ಷೆಯ ಲ್ಯಾಬ್ ಊರಿಗೊಂದು ವಾಟ್ಸಾಪ್ ಗ್ರೂಪ್ ಮಾಡಿತ್ತು. ರಿಪೋರ್ಟು ತಯಾರಾಗಿದೆ ಎಂದಷ್ಟೇ ಅದರಲ್ಲಿ ತಿಳಿಸಬೇಕು. ಮಹಾದೇವಿಯ ಟಿಬಿ ರಿಪೋರ್ಟನ್ನೇ ಹೆಸರು ಸಮೇತ ಹಾಕಿಬಿಟ್ಟಿದ್ದರು. ಸಂಜೆಯೊಳಗೆ ಅಳಿಸಿದರೂ ಊರೆಲ್ಲ ನೋಡಿಯಾಗಿತ್ತು. ಚಿಕಿತ್ಸೆ ಮುಗಿದು ಗುಣವಾದ ಮೇಲೂ ಹೊಲಿಗೆಗೆ ಬಟ್ಟೆ ಬರಲಿಲ್ಲ.

"ಮಷೀನ್ ಮ್ಯಾಗ ಧೂಳ ಕುಂತೈತ್ರಿ ವಕೀಲ್ರ. ನಾ ಏನ ತಪ್ಪ ಮಾಡೇನ್ರಿ?"

ನನಗೆ ಸಿಟ್ಟು ನೆತ್ತಿಗೇರಿತು. ಊರೇ ನೋಡಿದೆ, ಸಾಕ್ಷಿಗೇನು ಬರ ಎಂದು ಗ್ರಾಹಕರ ಆಯೋಗದಲ್ಲಿ ಪರಿಹಾರ ಕೇಳಿ ಕೇಸು ಹಾಕಿದೆ. ಎಡವಿದ್ದು ಅಲ್ಲೇ. ಲ್ಯಾಬಿನವರು "ನಾವು ಹಾಕಿಯೇ ಇಲ್ಲ" ಎಂದು ಕೈ ತೊಳೆದುಕೊಂಡರು. ಯಾರದಾದರೂ ಫೋನಿನಲ್ಲಿ ಪ್ರತಿ ಸಿಗಬೇಕು, ಅದು ತಮ್ಮ ಫೋನಿನದೇ ಎಂದು ಫೋನಿನ ಒಡೆಯರು ಸರ್ಟಿಫಿಕೇಟಿಗೆ ಸಹಿ ಮಾಡಬೇಕು. ಕಲ್ಲೋಳಿಯ ಮನೆಮನೆ ಅಲೆದೆ.

"ನಾಳೆ ನಾವೂ ಅದ ಲ್ಯಾಬಿಗೆ ಹೋಗಾಕಬೇಕಲ್ರಿ," ಎಂದು ಎಲ್ಲರೂ ಜಾರಿಕೊಂಡರು.

ಒಂದು ಮನೆಯ ಹೊಸ್ತಿಲು ಮಾತ್ರ ನಾನು ತುಳಿಯಲಿಲ್ಲ. ಅದು ಪಕ್ಕದ ಮನೆಯ ಗಂಗವ್ವನದು, ಮಹಾದೇವಿಯ ಗಂಡನ ಅಣ್ಣನ ಹೆಂಡತಿ. ರಿಪೋರ್ಟು ಬಂದ ದಿನದಿಂದ ಮಾತು ಬಿಟ್ಟವರಲ್ಲಿ ಅವರೇ ಮೊದಲಿಗರು.

ಬೆಳಗಾವಿಯ ಆಯೋಗದಲ್ಲಿ ಸಾಕ್ಷ್ಯಕ್ಕೆ ಕೊನೆಯ ದಿನ. ನಮ್ಮ ಕೇಸಿಗೆ ಮೊದಲು ಎರಡೇ ಕೇಸು ಬಾಕಿ. ಕೈ ಖಾಲಿ. ಮಹಾದೇವಿಯ ಮುಖ ನೋಡುವ ಧೈರ್ಯವೂ ನನಗಿರಲಿಲ್ಲ. ಅಷ್ಟರಲ್ಲಿ ಗಂಗವ್ವ ಫೋನು ಹಿಡಿದು ಏದುಸಿರು ಬಿಡುತ್ತ ಬಂದರು.

"ಗ್ರೂಪಿಂದ ಇದನ್ನ ಅಂಕಲಗಿಗೆ, ನನ್ನ ತವರಮನಿಗೆ ಕಳಿಸಿದ್ನಿರಿ. ಅವ್ರ ಅಳಿಸ್ಯಾರ, ನಾ ಕಳಿಸಿದ್ದು ಹಂಗ ಉಳದೈತಿ."

"ಸಹಿ ಮಾಡಿದ್ರ ನಿಮ್ಮ ತಪ್ಪೂ ಎಲ್ಲಾರ ಮುಂದ ಬರ್ತೈತಿ, ತಿಳದೈತಿಲ್ರಿ?" ಎಂದೆ.

"ಬರ್ಲಿ ಬಿಡ್ರಿ. ಗ್ವಾಡಿ ಆಚಿಗೆ ಆಕಿ ದಿನಾ ಅಳೂದ ಕೇಳಿ ಸಾಕಾಗೈತಿ."

ಗಂಗವ್ವ ಅಲ್ಲೇ ಸರ್ಟಿಫಿಕೇಟಿಗೆ ಸಹಿ ಹಾಕಿದರು. ಒಳಗೆ ಲ್ಯಾಬಿನ ವಕೀಲರು, "ಊರಿಗೆಲ್ಲ ಹರಡಿದ್ದು ನೀವೇ ಅಲ್ಲವೇ?" ಎಂದು ಮೇಲೆ ಬಿದ್ದರು.

"ಹೌದ್ರಿ, ನಾನೂ ಹರಡೇನಿ. ನನ್ನ ಕೈಯಾಗ ಕೊಟ್ಟವ್ರ ಯಾರ್ರಿ?"

ಮಹಾದೇವಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಲ್ಯಾಬಿನದು ಸೇವಾ ನ್ಯೂನತೆ, ಅಂದರೆ ಸೇವೆಯಲ್ಲಿನ ಲೋಪ ಎಂದು ಆಯೋಗ ಪರಿಹಾರಕ್ಕೆ ಆದೇಶಿಸಿತು.

ವಕೀಲಿಯುದ್ದಕ್ಕೂ ನಾನು ತಪ್ಪಿಲ್ಲದವರನ್ನೇ ಸಾಕ್ಷಿಗೆ ಹುಡುಕಿದವನು. ಗಂಗವ್ವನ ಮನೆಗೆ ಹೋಗದಿದ್ದುದು ನನ್ನ ಸೊಕ್ಕು. ಈಗ ಇಂಥ ಕೇಸು ಬಂದರೆ, ಗುಟ್ಟನ್ನು ಮುಂದೆ ದಾಟಿಸಿದವರು ಯಾರೆಂದು ಕೇಳಿ ಅವರ ಬಾಗಿಲನ್ನೇ ಮೊದಲು ಬಡಿಯುತ್ತೇನೆ.