ಬೋಸಾ ನೋವಾ
ಗಿಟಾರ್ ಜವರಪ್ಪನ ಬೆರಳಿನಷ್ಟು ಮೊಂಡು ಬೆರಳು ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲೇ ಇನ್ನೊಂದಿಲ್ಲ. ಮದುವೆ ಆರ್ಕೆಸ್ಟ್ರಾದಲ್ಲಿ ಹದಿನೆಂಟು ವರ್ಷ ನುಡಿಸಿದ ಕೈ, ಅದರ ಯಜಮಾನ ಕಲಿತು ಬಾ ಎಂದ ಬೋಸಾ ನೋವಾ ಎಂಬ ಬ್ರೆಜಿಲ್ ದೇಶದ ತಾಳಕ್ಕೆ ಮಾತ್ರ ಜಪ್ಪಯ್ಯ ಅಂದರೂ ಬಗ್ಗಲೊಲ್ಲದು. ಹೆಬ್ಬೆರಳು ಗಡಿಯಾರದಂತೆ ಒಂದೇ ಸಮ ನಡೆಯಬೇಕು, ಉಳಿದ ಬೆರಳುಗಳು ಅದರ ಸಂದಿಯಲ್ಲಿ ತಂತಿ ಮೀಟಬೇಕು. ಎರಡು ಸುತ್ತು ಮುಗಿಯುವುದರೊಳಗೆ ಎಲ್ಲವೂ ಒಟ್ಟಾಗಿ ತಮಟೆ ಏಟಿಗೆ ಇಳಿದುಬಿಡುತ್ತವೆ. ಬಸ್ಸಿನ ಕಂಬಿಯ ಮೇಲೆ, ಮುದ್ದೆ ತಟ್ಟೆಯ ಅಂಚಿನ ಮೇಲೆ, ಕ್ಷೌರಕ್ಕೆ ಕೂತರೆ ಸ್ವಂತ ಮೊಣಕಾಲಿನ ಮೇಲೆ ಕುಟ್ಟಿದ್ದೇ ಕುಟ್ಟಿದ್ದು. ಅವನು "ಬೋಸಾ ನೋವಾ" ಎಂದು ಗೊಣಗಿದಾಗಲೆಲ್ಲ ಹೆಂಡತಿ ಚಿಕ್ಕಸಿದ್ದಮ್ಮ ಎಣ್ಣೆ ಬಟ್ಟಲು ಹಿಡಿದು ಬರುತ್ತಾಳೆ: "ನೋವಾ? ಯಾವ್ ಬೆಳ್ಳು?" "ನೋವಲ್ಲ ಕಣೆ, ತಾಳದ್ ಎಸ್ರು!" ಎಂದು ಅವನು ರೇಗುತ್ತಾನೆ. ಮೊನ್ನೆ ಹಾರನಹಳ್ಳಿಯ ಮದುವೆಯಲ್ಲಿ ಯಜಮಾನ ಹೊಸ ಕೀಬೋರ್ಡಿನ ಒಂದು ಗುಂಡಿ ಒತ್ತಿದ. ಅದೇ ತಾಳ ಒಂದೂ ತಪ್ಪಿಲ್ಲದೆ ಹರಿಯಿತು. "ಗಿಟಾರ್ ಇನ್ಮೇಲೆ ಮನೇಲೇ ಇರ್ಲಿ ಬುಡ್ಲಾ, ನೀನು ವೈರ್ ಸುತ್ತಕ್ ಬಾ" ಎಂದ. ಮನೆಗೆ ಬಂದ ಜವರಪ್ಪ ಗಿಟಾರನ್ನು ಮೂಲೆಗೆ ಒರಗಿಸಿ ಕೂತ. ಮುಖ ನೋಡಿದ ಚಿಕ್ಕಸಿದ್ದಮ್ಮ ಎಣ್ಣೆ ಬಟ್ಟಲು ತಂದು ತಾನೇ ಕೇಳಿದಳು: "ನೋವಾ?" "ಊಂ ಕಣೆ" ಎಂದು ಅವನು ಮೊದಲ ಸಲ ಎರಡೂ ಕೈ ಚಾಚಿದ.