ನಾಲ್ಕು ತಂತಿಯ ವರ

ನಾಲ್ಕೇ ತಂತಿಯ ಗಿಟಾರು ಹಿಡಿದು ಬ್ಯಾಂಡಿನ ಮೂಲೆಯಲ್ಲಿ ನಿಲ್ಲುವವನಿಂದ ಯಾವ ಪ್ರಯೋಜನವೂ ಇಲ್ಲವೆಂದು ಆಗ ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ, ನನ್ನ ಓದು ಅದಕ್ಕೆ ಅಡ್ಡಿಯಾಗಲಿಲ್ಲ.

ಪಕ್ಕದ ಮನೆಯ ಶೆಟ್ಟರ ಮಗಳಿಗೆ ಬಂದ ವರ ಅಂಥವನೇ. ಬೈಂದೂರಿನವನು, ಬೊಂಬಾಯಿಯ ದೊಡ್ಡ ಹೋಟೆಲೊಂದರಲ್ಲಿ ಫಂಕ್, ಸೋಲ್ ಎಂಬ ಅಮೆರಿಕದ ಕುಣಿತದ ಸಂಗೀತಕ್ಕೆ ತಗ್ಗು ದನಿಯ ಬಾಸ್ ಗಿಟಾರ್ ನುಡಿಸುತ್ತಿದ್ದ. ಬ್ರಹ್ಮಾವರದ ಮದುವೆಯೊಂದಕ್ಕೆ ಅವನ ಬ್ಯಾಂಡ್ ಬಂದಾಗ, ಅವನನ್ನು ಪರೀಕ್ಷಿಸಲು ಶೆಟ್ಟರು ಇಂಗ್ಲಿಷ್ ಬಲ್ಲ ನನ್ನನ್ನೂ ಕರೆದೊಯ್ದರು.

"ಮೇಷ್ಟ್ರೇ, ಚಂಡೆ ಆದ್ರೆ ಮೂರ್ ಊರಿಗ್ ಕೇಂತ್. ಇವ್ರದ್ ಎಂತದೂ ಕೇಂತಿಲ್ಲ. ಮಗಳನ್ ಹ್ಯಾಂಗ್ ಕೊಡುದ್?" ಎಂದರು ಶೆಟ್ಟರು, ವರನ ವಾದ್ಯದ ದನಿ ಕಿವಿಗೇ ಬೀಳದೆ.

ವಿರಾಮದಲ್ಲಿ ಅದನ್ನೇ ನಾನು ವರನಿಗೆ ಸಭ್ಯವಾಗಿ ಕೇಳಿದೆ: ನಿಮ್ಮ ವಾದ್ಯದ ಕೆಲಸವೇನು?

"ಹೇಳುಕ್ ಬತ್ತಿಲ್ಲ. ನಿಲ್ಸಿ ತೋರ್ಸ್ತೆ," ಎಂದು ನಕ್ಕ.

ಮುಂದಿನ ಹಾಡಿಗೆ ಚಪ್ಪರದ ತುಂಬ ಕುಣಿತ. ನಡುವೆ ಅವನು ತಂತಿಯಿಂದ ಕೈ ತೆಗೆದ. ಡ್ರಮ್ಮು, ಟ್ರಂಪೆಟ್ಟು, ಆರು ತಂತಿಯ ಗಿಟಾರು ಎಲ್ಲ ಮೊದಲಿನಂತೆಯೇ ಮೊಳಗುತ್ತಿದ್ದವು.

"ಹ್ವಾಯ್ ಅಳಿಯಂದಿರೇ, ಎಂತಕ್ ನಿಲ್ಸಿದ್ರಿ? ನುಡ್ಸಿ ಮಾರಾಯ್ರೆ!" ಎಂದು ಶೆಟ್ಟರು ಕುರ್ಚಿ ಬಿಟ್ಟೆದ್ದು ಕೂಗಿದರು.

ಚಪ್ಪರದಲ್ಲಿ ಒಬ್ಬರೂ ಕುಣಿಯುತ್ತಿರಲಿಲ್ಲ.